‘ಪಂಚ್’ ಶಬ್ದವಿಚಾರ

ಇಂಗ್ಲಿಷಿನ ‘ಪಂಚ್’ ಎಂಬುದಕ್ಕೆ ಗುದ್ದು, ರಂಧ್ರ ಕೊರೆಯುವ ಉಪಕರಣ, ಗೂನುಬೆನ್ನಿನ ಹಾಸ್ಯದ ಬೊಂಬೆ, ಒಂದು ಬಗೆಯ ಮಿಶ್ರಪಾನೀಯ ಎಂದು ನಾನಾರ್ಥಗಳುಂಟು. ಅರ್ಥಭೇದದಿಂದ ಶಬ್ದಭೇದವೆಂಬ ನಮ್ಮ ಆಲಂಕಾರಿಕರ ಪಕ್ಷವು ಇಲ್ಲಿ ಚರಿತ್ರದೃಷ್ಟಿಯಿಂದಲೂ ಸಲ್ಲುತ್ತದೆ. ಗುದ್ದೂ ಉಪಕರಣವೂ ಚುಚ್ಚುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಫ್ರೆಂಚಿನ ಮೂಲಕ ಬಂದವು. ಬೊಂಬೆಯ ಹೆಸರು ಇಟಲಿಯ ಪುಲ್ಚಿನೆಲ್ಲಾ ಎಂಬ ನಾಟಕಪಾತ್ರದಿಂದ ಬಂದುದು. ಆ ಇಟಲಿಯ ಬೊಂಬೆಯಾಟವನ್ನು ಸ್ಯಾಮ್ಯುಯೆಲ್ ಪೀಪ್ಸನು ೧೬೬೨ರಲ್ಲಿ ಲಂಡನ್ನಿನಲ್ಲಿ ಕಂಡು ದಿನಚರಿಯಲ್ಲಿ ಬರೆದಿದ್ದಾನೆ.

ವಿವಾದವಿರುವುದು ಪಾನೀಯದ ವಿಷಯದಲ್ಲಿ. ಇದು ನಮ್ಮ ‘ಪಂಚ’ವೇ ಎಂದು ಅನೇಕರು ನಿಸ್ಸಂಶಯವಾಗಿ ಹೇಳುವರು. ಅದಕ್ಕೆ ಮುಖ್ಯಾಧಾರ ಜಾನ್ ಫ್ರೈಯರನೆಂಬ ವೈದ್ಯನ ಮಾತು: ಗೋವೆಯ ಕಡೆಯ ನೆರೂಲಿನ ಸಾರಾಯಿಯಿಂದ ಆಂಗ್ಲೇಯರು ಮಾಡುವ ಈ ಪಾನೀಯಕ್ಕೆ ಐದು ದ್ರವ್ಯಗಳಿರುವುದರಿಂದ ಹಿಂದೂಸ್ತಾನಿಯ ‘ಐದು’ ಎಂಬ ಹೆಸರು ಬಂದಿತೆಂದು. ಆದರೆ ಅವನ ಗ್ರಂಥ ಅಚ್ಚಾದುದು ೧೬೯೮ರಲ್ಲಿ. ಶಬ್ದವಾದರೋ ೧೬೩೨ರಲ್ಲಿಯೇ ಈಸ್ಟ್ ಇಂಡಿಯಾ ಕಂಪೆನಿಯ ನೌಕರನೊಬ್ಬನ ಕಾಗದದಲ್ಲಿದೆ. ಅಲ್ಲಿ ಐದರ ಪ್ರಸ್ತಾಪವಿಲ್ಲ. ೧೬೩೮ರಲ್ಲಿ ಸೂರತ್ತಿಗೆ ಬಂದ ಜರ್ಮನಿಯ ಮಾಂಡೆಲ್ಸ್ಲೋ ಎಣಿಸುವುದು ನಾಲ್ಕೇ: ಮದ್ಯ, ಪನ್ನೀರು, ನಿಂಬೆಯ ಜಾತಿಯ ಹಣ್ಣಿನ ರಸ, ಸಕ್ಕರೆ. ನೀರನ್ನು ಸೇರಿಸಿ ಐದಾಗಿಸಬಹುದೆಂದರೆ, ಅದು ವ್ಯುತ್ಪತ್ತಿಗಾಗಿ ಪಾನೀಯವನ್ನೇ ಕಲಸಿದಂತೆ! ಅವನು ಕೊಡುವ ರೂಪವೂ ‘ಪಾಲೆಪುಂಟ್ಸ್’. ಅಂದರೆ ಆಗಿನ ಉಚ್ಚಾರಣೆ ‘ಪುಂಚ್’ ಎಂಬುದಕ್ಕೆ ಸಮೀಪವಾಗಿತ್ತು. ‘ಪಂಚನ್’ ಎಂಬ ಮದ್ಯದ ಪೀಪಾಯಿಯ ಹೆಸರೇ ಮೊಟಕಾಯಿತೆಂಬ ಇನ್ನೊಂದು ಪಕ್ಷಕ್ಕೆ ಈ ಉಕಾರವು ಅನುಕೂಲ. ಫ್ರೈಯರನು ಆ ಕಾಲದವನೇ ಆದುದರಿಂದ ನಮ್ಮ ಒಲವು ‘ಪಂಚ’ದ ಕಡೆಗೇ, ಆದರೂ ಅದು ಸಂಭಾವ್ಯವೇ ಹೊರತು ಸಿದ್ಧವಲ್ಲ.