ಕಪ್ಪು ಗೊಂಬೆ, ಬಿಳಿ ಅಚ್ಚು

ಮೊನ್ನೆ ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಅಂತ ಗೊಂಬೆ ತರಲು ಹೋಗಿದ್ದೆ. ಅಂಗಡಿಯಲ್ಲಿ ಸಾಲಾಗಿ ನಿಂತಿದ್ದವೆಲ್ಲ ಹಾಲಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗೆ. ನಮ್ಮ ಪುಟ್ಟಿಯೋ ನನ್ನ ಹಾಗೇ ಕಪ್ಪು. "ಲಕ್ಷಣವಾಗಿದಾಳೆ, ಬಣ್ಣ ಮಾತ್ರ ಸ್ವಲ್ಪ ಕಮ್ಮಿ" ಅಂತ ಬಂದವರೆಲ್ಲ ಅವಳೆದುರೇ ಹೇಳಿ, ಕಾಫಿ ಕುಡಿದು ಹೋಗುತ್ತಾರೆ. ಆರು ವರ್ಷದ ಮಗು, ಅದಕ್ಕೇನು ಗೊತ್ತಾಗುತ್ತೆ ಅಂದುಕೊಂಡಿದ್ದೆವು. ಹೋದ ತಿಂಗಳು ಮುಖದ ತುಂಬ ಪೌಡರ್ ಬಳಿದುಕೊಂಡು ಬಂದು "ಮಾಮಾ, ಈಗ ಚೆನ್ನಾಗಿದೀನಾ?" ಅಂದಳು.

ಅಂಗಡಿಯಿಂದ ಬರಿಗೈಲಿ ವಾಪಸ್ ಬಂದೆ. ರಾತ್ರಿ ಗೊಂಬೆಗಳ ಚರಿತ್ರೆ ಓದುತ್ತಾ ಕೂತೆ (ಬಿಲ್ಡ್ ಓಡುತ್ತಿತ್ತು, ಬೇರೆ ಕೆಲಸ ಇರಲಿಲ್ಲ :) ).

ಅಮೆರಿಕದಲ್ಲಿ ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಅಂತ ಗಂಡ-ಹೆಂಡತಿ ಇದ್ದರು. ಇಬ್ಬರೂ ಮನಶ್ಶಾಸ್ತ್ರಜ್ಞರು, ಆಫ್ರಿಕನ್-ಅಮೆರಿಕನ್ನರು. 1940ರ ಆಸುಪಾಸಿನಲ್ಲಿ ಇವರು 3ರಿಂದ 7 ವರ್ಷದ 253 ಕಪ್ಪು ಮಕ್ಕಳ ಮುಂದೆ ನಾಲ್ಕು ಗೊಂಬೆ ಇಟ್ಟರು. ಎರಡು ಕಂದು, ಎರಡು ಬಿಳಿ. ಚರ್ಮ, ಕೂದಲಿನ ಬಣ್ಣ ಬಿಟ್ಟರೆ ಮಿಕ್ಕಿದ್ದೆಲ್ಲ ಒಂದೇ. ಆಡೋಕೆ ಯಾವುದು ಬೇಕು ಅಂದರೆ ಮೂರರಲ್ಲಿ ಎರಡು ಪಾಲು ಮಕ್ಕಳು ಬಿಳಿ ಗೊಂಬೆ ಎತ್ತಿಕೊಂಡವು. ಕೆಟ್ಟದಾಗಿ ಕಾಣೋದು ಯಾವುದು ಅಂದರೆ 59% ಮಕ್ಕಳು ತೋರಿಸಿದ್ದು ಕಂದು ಗೊಂಬೆ. ಕೊನೆಗೆ "ನಿನ್ನ ಹಾಗೆ ಇರೋ ಗೊಂಬೆ ಕೊಡು" ಅಂದರು. ಅಲ್ಲೀತನಕ ನಗುನಗುತ್ತಾ ಉತ್ತರ ಹೇಳುತ್ತಿದ್ದ ಕೆಲವು ಮಕ್ಕಳು ಅತ್ತುಬಿಟ್ಟವು, ಕೆಲವು ಎದ್ದು ಹೋದವು.

ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸ್ಕ್ರೀನ್ ನೋಡುತ್ತಾ ಸುಮ್ಮನೆ ಕೂತಿದ್ದೆ. ಪೌಡರ್ ಬಳಿದ ಮುಖ ಕಣ್ಣ ಮುಂದೆ...

1954ರ ಮೇ 17ರಂದು ಅಲ್ಲಿನ ಸುಪ್ರೀಂ ಕೋರ್ಟು ಬಣ್ಣದ ಆಧಾರದ ಮೇಲೆ ಬೇರೆ ಬೇರೆ ಸರ್ಕಾರಿ ಶಾಲೆ ನಡೆಸೋದು ತಪ್ಪು ಅಂತ ತೀರ್ಪು ಕೊಟ್ಟಾಗ, ಅಡಿಟಿಪ್ಪಣಿಯಲ್ಲಿ ಕೆನೆತ್ ಕ್ಲಾರ್ಕ್ ಅವರ ಬರಹವನ್ನೂ ಹೆಸರಿಸಿತು. ಆದರೆ ಒಂದು ಕೊಸರು ಉಳಿಯಿತು. ಕ್ಲಾರ್ಕ್ ದಂಪತಿ ನೋಡಿದ ಉತ್ತರದ ಮಕ್ಕಳು ಬಿಳಿಯರ ಜೊತೆ ಒಂದೇ ಶಾಲೆಗೆ ಹೋಗುತ್ತಿದ್ದವು. ಅವರಲ್ಲಿ ಬಿಳಿ ಗೊಂಬೆ ಬೇಕೆಂದವರು 72%, ಬೇರೆ ಶಾಲೆಯ ದಕ್ಷಿಣದ ಮಕ್ಕಳಲ್ಲಿ 62%. ಅಂದರೆ ಬೆಂಚು ಒಂದೇ ಆದರೂ ಕನ್ನಡಿ ಬದಲಾಗಿರಲಿಲ್ಲ.

ಗೊಂಬೆ ಕಂಪನಿಗಳು ಏನು ಮಾಡಿದವು? ಬಾರ್ಬಿ ಹುಟ್ಟಿದ್ದು 1959ರಲ್ಲಿ. 1967ರಲ್ಲಿ ಅದೇ ಮ್ಯಾಟೆಲ್ ಕಂಪನಿ ಫ್ರಾನ್ಸಿ ಅನ್ನೋ ಬಿಳಿ ಗೊಂಬೆಯ ಅಚ್ಚಿಗೇ ಕಂದು ಪ್ಲಾಸ್ಟಿಕ್ ಹೊಯ್ದು ಮಾರಾಟಕ್ಕಿಟ್ಟಿತು. ನಮ್ಮಲ್ಲಿ ಹಳೇ ಕೋಡ್ ಕಾಪಿ ಮಾಡಿ ಒಂದು ವೇರಿಯಬಲ್ ಬದಲಿಸಿ "ಹೊಸ ಫೀಚರ್" ಅಂತೀವಲ್ಲ, ಹಾಗೆ. ಮೂಗು, ತುಟಿ ಎಲ್ಲ ಬಿಳಿ ಹುಡುಗಿಯದೇ. ಮಾರನೇ ವರ್ಷ ಬಾರ್ಬಿಗೆ ಕ್ರಿಸ್ಟಿ ಅಂತ ಕಪ್ಪು ಗೆಳತಿ ಬಂದಳು. ಗೆಳತಿ ಮಾತ್ರ, ಬಾರ್ಬಿ ಅಲ್ಲ!

ನನಗೆ ತುಂಬ ಹಿಡಿಸಿದ್ದು ಶಿಂದಾನಾ ಕಥೆ. 1965ರ ವಾಟ್ಸ್ ಗಲಭೆಯಲ್ಲಿ ಸುಟ್ಟುಹೋಗಿದ್ದ ಲಾಸ್ ಏಂಜಲೀಸ್‌ನ ದಕ್ಷಿಣ ಭಾಗದಲ್ಲಿ, 1968ರಲ್ಲಿ ಅಲ್ಲಿನ ಕಪ್ಪು ಜನರೇ ಕಟ್ಟಿದ ಗೊಂಬೆ ಕಾರ್ಖಾನೆ ಅದು. ದುಡ್ಡು, ತಾಂತ್ರಿಕ ನೆರವು ಕೊಟ್ಟಿದ್ದು ಮ್ಯಾಟೆಲ್ಲೇ. ಅವರ ಮೊದಲ ಗೊಂಬೆ ಬೇಬಿ ನ್ಯಾನ್ಸಿ. ಅವಳಿಗೆ ಬಣ್ಣವಷ್ಟೇ ಅಲ್ಲ, ಮುಖವೂ ತಮ್ಮವರದೇ ಕೊಟ್ಟರು. ಮೊದಲು ಕೂದಲು ನೇರವಾಗಿತ್ತು, ಆಮೇಲೆ ಅದನ್ನೂ ಗುಂಗುರು ಮಾಡಿದರು. ಶಿಂದಾನಾ 1983ರಲ್ಲಿ ಮುಚ್ಚಿತು. ಅಷ್ಟರಲ್ಲಿ, 1980ರಲ್ಲಿ, ಕಿಟ್ಟಿ ಬ್ಲ್ಯಾಕ್ ಪರ್ಕಿನ್ಸ್ ಅನ್ನೋ ವಿನ್ಯಾಸಗಾರ್ತಿ ಬಾರ್ಬಿ ಅನ್ನೋ ಹೆಸರಲ್ಲೇ ಕಪ್ಪು ಗೊಂಬೆ ಮಾಡಿದ್ದರು. ಕೆಂಪು ಉಡುಪು, ಗಿಡ್ಡ ಗುಂಗುರು ಕೂದಲು. ಬಾರ್ಬಿ ಹುಟ್ಟಿ 21 ವರ್ಷಕ್ಕೆ!

ಇದನ್ನೆಲ್ಲ ಫೋನಿನಲ್ಲಿ ಅಮ್ಮನಿಗೆ ಒದರುತ್ತಿದ್ದೆ. ಅಮ್ಮ ಅಂದಳು, "ಕಪ್ಪು ಗೊಂಬೆಗೆ ಅಮೆರಿಕಕ್ಕೆ ಯಾಕೋ ಹೋಗ್ತೀಯ, ಅಜ್ಜಿಯ ಪಟ್ಟದ ಗೊಂಬೆ ಇಲ್ವಾ?" ಹೌದಲ್ಲ! ರಕ್ತಚಂದನದ ಜೋಡಿ ಅದು, ಹಳೆಯದಾಗಿ ಕಪ್ಪುಗೆಂಪಾಗಿದೆ. ಪ್ರತೀ ದಸರಾಕ್ಕೆ ಹೊಸ ಸೀರೆ ಉಡಿಸಿ ಮೇಲಿನ ಮೆಟ್ಟಿಲಲ್ಲಿ ಕೂರಿಸುತ್ತಾರೆ. ನೋಡಲು ಬಂದವರು ಯಾರೂ ಇದುವರೆಗೆ "ಬಣ್ಣ ಕಮ್ಮಿ" ಅಂದಿಲ್ಲ.

ಆಡೋಕೆ ಕೊಡ್ತೀಯಾ ಅಂದೆ. "ಮುರಿದರೆ?" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಭಾನುವಾರ ಬಂದು ಅಟ್ಟದಿಂದ ನೀನೇ ಇಳಿಸು" ಅಂದಳು.