ಜೋ ಯಾರನ್ನು ವರಿಸಬೇಕಿತ್ತು?

ಹದಿಹರೆಯದ ಹುಡುಗಿಯರ ಗೆಳೆತನ, ಪ್ರೇಮ, ಮನೆಯ ಕಷ್ಟಗಳನ್ನು ಹೇಳುವ ಕಾದಂಬರಿಗಳನ್ನು ನೀವು ಓದಿರಬಹುದು. ಇವುಗಳಿಗೆ ದಾರಿ ತೋರಿದ ಕೃತಿಗಳಲ್ಲಿ ಅಮೆರಿಕದ ಲೂಯಿಸಾ ಮೇ ಆಲ್ಕಾಟ್ ಅವರ ‘ಲಿಟಲ್ ವಿಮೆನ್’ ಮುಖ್ಯವಾದುದು.

ಹುಡುಗಿಯರಿಗಾಗಿ ಬರೆಯಿರೆಂದು ಬಾಸ್ಟನ್ನಿನ ಪ್ರಕಾಶಕರು ಕೇಳಿದಾಗ ಅವರಿಗೆ ಉತ್ಸಾಹವಿರಲಿಲ್ಲ. ಆದರೆ ಸಂಸಾರ ಅವರ ಬರವಣಿಗೆಯ ಗಳಿಕೆಯನ್ನು ನೆಚ್ಚಿಕೊಂಡಿತ್ತು. ತಮ್ಮ ಅಕ್ಕತಂಗಿಯರನ್ನೇ ಮಾದರಿಯಾಗಿಟ್ಟುಕೊಂಡು ಬರೆದ ಮೊದಲ ಭಾಗ 1868ರಲ್ಲಿ ಪ್ರಕಟವಾಯಿತು.

ನಾಯಕಿ ಜೋ ತನ್ನ ಗೆಳೆಯ ಲಾರಿಯನ್ನೇ ವರಿಸಲೆಂದು ಓದುಗರು ಬಯಸಿದರು. ಅವಿವಾಹಿತರಾಗಿಯೇ ಉಳಿದ ಆಲ್ಕಾಟ್ ಒಪ್ಪಲಿಲ್ಲ. ಜೋ ಕೂಡ ಒಂಟಿ ಲೇಖಕಿಯಾಗಿರಲೆಂಬುದು ಅವರ ಆಸೆ. ಒತ್ತಾಯ ಹೆಚ್ಚಿದಾಗ, 1869ರ ಎರಡನೆಯ ಭಾಗದಲ್ಲಿ ವಯಸ್ಸಾದ ಪ್ರಾಧ್ಯಾಪಕರೊಬ್ಬರೊಡನೆ ಅವಳ ಮದುವೆ ಮಾಡಿಸಿದರು.

ಹೆಣ್ಣಿನ ಕಥೆ ಮದುವೆಯಲ್ಲೇ ಮುಗಿಯಬೇಕೆ? ಇಂಥ ಪುಸ್ತಕ ಓದುವಾಗ ನೀವೂ ಕೇಳಿಕೊಳ್ಳಿ.