ಕಬ್ಬಿನ ಗದ್ದೆಯಿಂದ ಬಂದ ಕಂಠ



ನಾನು ತರಗತಿಯಲ್ಲಿ ಬೋಧಿಸಿದ ಆಸ್ಟ್ರೇಲಿಯದ ಚರಿತ್ರೆ 1770ರಲ್ಲಿ ಬಂದ ಕುಕ್‌ನ ಹಡಗಿನಿಂದ ಆರಂಭವಾಗಿ ಚಿನ್ನ ಮತ್ತು ಉಣ್ಣೆಯೊಡನೆ ಮುಗಿಯುತ್ತಿತ್ತು. ಆ ನೆಲದ ಮೂಲನಿವಾಸಿಗಳ ವಿಷಯವಾಗಿ ನಾನು ಹೇಳಿದ್ದು ಒಂದೆರಡು ವಾಕ್ಯ ಮಾತ್ರ. ಆ ಬಾಕಿಯಲ್ಲಿ ಕಿಂಚಿತ್ತನ್ನಾದರೂ ತೀರಿಸಲು ಇಂದು ಹೆರಾಲ್ಡ್ ಬ್ಲೇರ್ ಅವರ ಕಥೆಯನ್ನು ಬರೆಯುತ್ತಿದ್ದೇನೆ.

ಬ್ಲೇರ್ ಜನಿಸಿದ್ದು 1924ರಲ್ಲಿ, ಕ್ವೀನ್ಸ್‌ಲ್ಯಾಂಡಿನ ಶೆರ್ಬರ್ಗ್ ಎಂಬಲ್ಲಿ. ಅದು ಸರ್ಕಾರವು ಮೂಲನಿವಾಸಿಗಳನ್ನು ಕೂಡಿಹಾಕಿದ್ದ ವಸತಿ. 1897ರ ಕಾಯಿದೆಯೊಂದು ಅವರ ವಾಸ, ದುಡಿಮೆ, ವಿವಾಹ ಎಲ್ಲವನ್ನೂ ಅಧಿಕಾರಿಗಳ ಕೈಗೆ ಒಪ್ಪಿಸಿತ್ತು. ಅದರ ಹೆಸರಿನಲ್ಲಿದ್ದ ಪದ ಮಾತ್ರ ‘ರಕ್ಷಣೆ’! ಬಾಲಕ ಬೆಳೆದದ್ದು ಇಪ್ಸ್‌ವಿಚ್ ಬಳಿಯ ಪರ್ಗಾ ಮಿಷನ್ನಿನಲ್ಲಿ. ಅಲ್ಪಸ್ವಲ್ಪ ಶಾಲೆ ಕಲಿತು ಹೊಲಗಳಲ್ಲಿ ದುಡಿದು, ಯುದ್ಧಕಾಲದಲ್ಲಿ ಕಬ್ಬು ಕಡಿಯುವ ಕೂಲಿಯಾದರು. ಜೊತೆಯವರಿಗಾಗಿ ಹಾಡುತ್ತಿದ್ದ ಆ ಕಂಠವನ್ನು ಕೇಳಿದವರು ಸುಮ್ಮನಿರಲಿಲ್ಲ. ಪ್ರಸಿದ್ಧ ಒಪೆರಾ ಗಾಯಕಿ ಮಾರ್ಜರಿ ಲಾರೆನ್ಸ್ ಪ್ರೋತ್ಸಾಹಿಸಿದರು. 1945ರಲ್ಲಿ ಹವ್ಯಾಸಿಗಳ ರೇಡಿಯೊ ಸ್ಪರ್ಧೆಯೊಂದರಲ್ಲಿ ಹಾಡಿದಾಗ ದೇಶವೇ ಕಿವಿಗೊಟ್ಟಿತು.

ಮೆಲ್ಬರ್ನಿನ ಮೆಲ್ಬಾ ಸಂಗೀತ ವಿದ್ಯಾಲಯ ಅವರನ್ನು ಸೇರಿಸಿಕೊಂಡಿತು. ಒಪೆರಾ ಎಂದರೆ ಮಾತೂ ಹಾಡೇ ಆಗಿರುವ ನಾಟಕ. ನಮ್ಮ ಕಂಪನಿ ನಾಟಕದ ನಟರಂತೆ ಧ್ವನಿವರ್ಧಕವಿಲ್ಲದೆ ಕೊನೆಯ ಸಾಲಿನವರೆಗೂ ಕಂಠವನ್ನು ತಲುಪಿಸಬೇಕು. ಕೂಲಿ ಮಾಡಿದ ತರುಣ ಅದನ್ನು ಸಾಧಿಸಿ 1949ರಲ್ಲಿ ಡಿಪ್ಲೊಮಾ ಪಡೆದರು. ಅಮೆರಿಕದ ಕಪ್ಪು ಗಾಯಕ ಟಾಡ್ ಡಂಕನ್ ಅವರ ಪ್ರೇರಣೆಯಿಂದ ನ್ಯೂಯಾರ್ಕಿಗೆ ತೆರಳಿ, 1951ರಲ್ಲಿ ಅಲ್ಲಿನ ಟೌನ್ ಹಾಲಿನಲ್ಲಿ ಹಾಡಿದರು.

ಅದೇ ವರ್ಷ ಸ್ವದೇಶದಲ್ಲಿ ಸುದೀರ್ಘ ಸಂಗೀತ ಪ್ರವಾಸ. ಬಿಡುವಿಲ್ಲದ ಕಚೇರಿಗಳಿಂದ ಕಂಠ ಬಳಲಿತು. ಮೇಲೇರಬೇಕಾಗಿದ್ದ ವೃತ್ತಿಜೀವನ ಅಲ್ಲಿಂದ ಕುಂದಿತು. ಹೊಟ್ಟೆಪಾಡಿಗೆ ಅಂಗಡಿಯಲ್ಲಿ ಕೆಲಸ ಮಾಡಬೇಕಾಯಿತು. ಕೊನೆಯ ವರ್ಷಗಳಲ್ಲಿ ಅವರು ಶಾಲೆಗಳಲ್ಲಿ ಸಂಗೀತದ ಮೇಷ್ಟ್ರಾದರು. ಕೆಲವರು ಇದನ್ನು ಪತನವೆನ್ನಬಹುದು. ಜೀವನವಿಡೀ ಸೀಮೆಸುಣ್ಣ ಹಿಡಿದ ನಾನು ಹಾಗೆನ್ನಲಾರೆ.

ಆದರೆ ಅವರ ಬದುಕಿನ ಇನ್ನೊಂದು ಅಧ್ಯಾಯ ನನ್ನನ್ನು ಕಲಕಿದೆ. 1962ರಲ್ಲಿ ಅವರು ಮಿಷನ್ನುಗಳ ಮಕ್ಕಳನ್ನು ರಜೆಗೆಂದು ಮೆಲ್ಬರ್ನಿನ ಬಿಳಿಯರ ಮನೆಗಳಿಗೆ ಕರೆತರುವ ಯೋಜನೆಯನ್ನು ಆರಂಭಿಸಿದರು. ಮಕ್ಕಳು ಸಮುದ್ರ ನೋಡಲಿ, ಜನರು ಪರಸ್ಪರ ಅರಿಯಲಿ ಎಂಬುದು ಅವರ ಆಶಯ. ಆದರೆ ಇಂತಹ ರಜೆಗಳಿಗೆ ಹೋದ ಮಕ್ಕಳಲ್ಲಿ ಕೆಲವರು ಮರಳಿ ತಾಯ್ತಂದೆಯರ ಬಳಿಗೆ ಬರಲೇ ಇಲ್ಲ. ಕುಟುಂಬಗಳಿಂದ ಬೇರ್ಪಟ್ಟ ಮೂಲನಿವಾಸಿ ಮಕ್ಕಳ ಕುರಿತ 1997ರ ರಾಷ್ಟ್ರೀಯ ವಿಚಾರಣಾ ವರದಿ ಈ ನೋವನ್ನೂ ದಾಖಲಿಸಿದೆ.

ಒಳಿತನ್ನು ಬಯಸಿದವರ ಕೈಯಿಂದಲೂ ಕೇಡು ಹೇಗೆ ಸಂಭವಿಸುತ್ತದೆ? ಅಧಿಕಾರವೆಲ್ಲ ಒಂದೇ ಕಡೆ ಇದ್ದಾಗ, ತಾಯಿಯ ಒಪ್ಪಿಗೆ ಕೇಳುವ ಅಗತ್ಯವೇ ಯಾರಿಗೂ ಕಾಣದಿದ್ದಾಗ, ಕರುಣೆಯೂ ಆ ವ್ಯವಸ್ಥೆಯ ದಾರಿಯಲ್ಲೇ ಹರಿಯುತ್ತದೆ. ‘ನಿಮ್ಮ ಮಗುವಿನ ಹಿತಕ್ಕಾಗಿ’ ಎಂದು ನಾನೂ ಎಷ್ಟೋ ಪೋಷಕರಿಗೆ ಹೇಳಿದ್ದೇನೆ; ಅವರ ಉತ್ತರವನ್ನು ಪೂರ್ತಿ ಕೇಳಿಸಿಕೊಂಡಿದ್ದೆನೇ?

ಬ್ಲೇರ್ 1976ರಲ್ಲಿ ನಿಧನರಾದರು. 1998ರಲ್ಲಿ ಕ್ವೀನ್ಸ್‌ಲ್ಯಾಂಡಿನ ಸಂಸತ್ ಕ್ಷೇತ್ರವೊಂದಕ್ಕೆ ಅವರ ಹೆಸರನ್ನಿಟ್ಟರು. ಅವರು ಬೆಳೆದ ಪ್ರದೇಶದಲ್ಲೇ, ಇಪ್ಸ್‌ವಿಚ್ ಸುತ್ತಮುತ್ತ, ಇದೆ ಆ ಕ್ಷೇತ್ರ. ಅವರ ಬಾಲ್ಯದಲ್ಲಿ ಅಲ್ಲಿನ ಮಿಷನ್ನಿನ ಮಂದಿಗೆ ಮತವೇ ಇರಲಿಲ್ಲ.